ತೊಟ್ಟು ಕೊಯ್ದ ಹನ್ನೊಂದು ಕುಂಬಳಕಾಯಿ

ಮೇಸ್ತ್ರಿಯ ಹೆಂಡತಿ ಬಿದ್ದದ್ದು ಕುಂಬಳಕಾಯಿ ಹಿಡಿದುಕೊಂಡು. ಹಿತ್ತಿಲಿನ ಮೂರು ಮೆಟ್ಟಿಲುಗಳಲ್ಲಿ ಮೇಲಿನದಕ್ಕೆ ಪಾಚಿ ಕಟ್ಟಿತ್ತು. ಕಾಲು ಜಾರಿದಾಗ ಕೈಬಿಟ್ಟಿದ್ದರೆ ಹೋಗುತ್ತಿದ್ದದ್ದು ಒಂದು ಕಾಯಿ ಮಾತ್ರ. ಅವಳು ಕಾಯಿಯನ್ನು ಎಡಗೈಯಲ್ಲಿ ಎದೆಗೊತ್ತಿಕೊಂಡು ಬಲಗೈ ನೆಲಕ್ಕೆ ಊರಿದಳು. ಕಾಯಿಗೆ ಒಂದು ಗೀರೂ ಬೀಳಲಿಲ್ಲ, ಮಣಿಕಟ್ಟು ಎರಡು ಕಡೆ ಮುರಿಯಿತು, ಸೊಂಟಕ್ಕೂ ಪೆಟ್ಟಾಯಿತು. ಪ್ಲಾಸ್ಟರ್ ಹಾಕುವ ಡಾಕ್ಟರು "ಹೇಗಾಯ್ತಮ್ಮ?" ಎಂದು ಕೇಳಿದರೆ ಅವಳು ಗಂಡನ ಕಡೆ ತಿರುಗಿ, "ಬಳ್ಳೀಲಿ ಇನ್ನೂ ಹನ್ನೊಂದಿದೆ. ಮಂಜು ಬೀಳೋಕೆ ಮುಂಚೆ ಕೊಯ್ದು ಒಳಗಿಡಿ" ಎಂದಳು.

ಮೇಸ್ತ್ರಿ ಎಂದರೆ ಮರಗೆಲಸದ ಮೇಸ್ತ್ರಿ. ನಲವತ್ತೆರಡು ವರ್ಷ ಬಾಗಿಲು, ಕಿಟಕಿ, ಕಪಾಟು ಮಾಡಿದವನು. ಕೆಲಸ ಬಿಟ್ಟು ಎರಡು ವರ್ಷವಾದರೂ ಬೀದಿಯವರಿಗೆ ಅವನು ಮೇಸ್ತ್ರಿಯೇ, ಮನೆಯವರಿಗೂ ಮೇಸ್ತ್ರಿಯೇ. ಹೆಂಡತಿ ಹೇಳಿದಂತೆ ಹನ್ನೊಂದನ್ನೂ ಕೊಯ್ದು ತಂದ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವುಗಳಿಗೆ ಒಂದು ಚೆಂದದ ಕಪಾಟು ಆಗಬೇಕು ಎಂದು ಅವನಿಗೆ ಅನ್ನಿಸಿತು. ಶೆಡ್ಡಿನಲ್ಲಿ ಉಳಿದಿದ್ದ ಹಲಗೆಗಳಿಂದ ಮೂರು ಅಂಕಣದ ಕಪಾಟು ಎದ್ದಿತು, ಒಂದೊಂದು ಕಾಯಿಗೂ ಕೂರಲು ಒಂದೊಂದು ಗುಣಿ ಸಮೇತ. ಆದರೆ ತೊಟ್ಟುಗಳದ್ದೇ ಕಾಟ. ಒಂದರ ತೊಟ್ಟು ಎಡಕ್ಕೆ ಸೊಟ್ಟ, ಇನ್ನೊಂದರದ್ದು ಮೇಲಿನ ಹಲಗೆಗೆ ತಗುಲುತ್ತದೆ. ಡೊಂಕು ಎಂದರೆ ಆಗದ ಮೇಸ್ತ್ರಿ ಸಣ್ಣ ಹಲ್ಲಿನ ಗರಗಸ ತಂದು ಹನ್ನೊಂದೂ ತೊಟ್ಟನ್ನು ಬುಡಕ್ಕೇ ಕೊಯ್ದ, ಮೇಲೆ ಮರ ನಯ ಮಾಡುವ ಉಪ್ಪುಕಾಗದ ಹಿಡಿದು ನುಣ್ಣಗೆ ಉಜ್ಜಿದ. ಸಾಲಾಗಿ ಕೂತ ಕಾಯಿಗಳನ್ನು ಕಣ್ತುಂಬ ನೋಡಿ, ಹೆಂಡತಿ ಮಂಚ ಬಿಟ್ಟು ಎದ್ದ ದಿನ ತೋರಿಸಬೇಕು ಎಂದುಕೊಂಡ. ಅವಳು ಎದೆಗೊತ್ತಿಕೊಂಡು ಬಿದ್ದಿದ್ದ ಹನ್ನೆರಡನೆಯದು ಮಾತ್ರ ಮಂಚದ ಕೆಳಗೇ ಉಳಿದಿತ್ತು, ತೊಟ್ಟು ಸಮೇತ.

ಅಡುಗೆಮನೆ ಹೆಂಡತಿಯದ್ದಾಗಿತ್ತು. ಮಗ ಬಸ್ ಡ್ರೈವರ್, ಬೆಳಗಿನ ಮೊದಲ ಬಸ್ಸು ಅವನದ್ದು. ಸೊಸೆಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಏಳಕ್ಕೆ ಬರುವುದು. ಗುಬ್ಬಿ ಎಂಬ ಎಂಟು ವರ್ಷದ ಮೊಮ್ಮಗಳು ಶಾಲೆಯಿಂದ ಬಂದಾಗ ಬಾಯಿಗಿಡಲು ಏನಾದರೂ ಇರುತ್ತಿದ್ದದ್ದು, ಎಲ್ಲರೂ ಬರುವ ಹೊತ್ತಿಗೆ ಒಲೆಯ ಮೇಲೆ ಏನಾದರೂ ಕುದಿಯುತ್ತಿದ್ದದ್ದು ಅವಳ ಬಲಗೈಯಿಂದ. ಆ ಕೈ ಈಗ ದಿಂಬಿನ ಮೇಲೆ ಬಿಳಿಯ ಕೊರಡಿನ ಹಾಗೆ ಮಲಗಿತ್ತು. ನಾಲ್ಕನೆಯ ದಿನ ಗುಬ್ಬಿ ಉಣ್ಣದೆ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಯಿತು. ಸೊಸೆ ಕೈಯಲ್ಲಿದ್ದ ಸೌಟನ್ನು ಕುಕ್ಕಿದಳು.

"ನನಗಿರೋದು ಎರಡೇ ಕೈ. ಹಗಲೆಲ್ಲ ಒದ್ದೆ ಬೆಡ್‌ಶೀಟ್ ಎತ್ತಿ ಎತ್ತಿ ಭುಜ ಬಿದ್ದುಹೋಗಿದೆ. ಬಂದು ಒಲೆ ಮುಂದೆ ನಿಂತ್ರೆ ಒಂಬತ್ತಾಗುತ್ತೆ. ನಾನೇನು ಯಂತ್ರಾನಾ?"

"ಯಾರು ಹಾಗಂದ್ರು?" ಎಂದ ಮಗ.

"ಯಾರೂ ಅನ್ನಲ್ಲ. ಎಲ್ಲರೂ ತಟ್ಟೆ ಮುಂದೆ ಕೂತ್ಕೋತೀರಿ, ಅಷ್ಟೇ."

ಮೇಸ್ತ್ರಿ ತನ್ನ ತಟ್ಟೆಯನ್ನು ಸ್ವಲ್ಪ ದೂರ ಸರಿಸಿದ.

ಮರುದಿನ ಮಗಳ ಫೋನು ಬಂತು. ಅವಳು ದೂರದ ಪೇಟೆಯಲ್ಲಿ ನಾಲ್ಕನೆಯ ಮಹಡಿಯಲ್ಲಿದ್ದವಳು. "ಅಮ್ಮನ್ನ ನಾನು ಕರ್ಕೊಂಡು ಬರ್ತೀನಿ. ಇವತ್ತಿಂದ ಮೂರನೇ ಭಾನುವಾರ ರಜಾ ಇದೆ, ಕಾರಲ್ಲಿ ಬರ್ತೀನಿ. ಕೈ ನೆಟ್ಟಗಾಗೋವರೆಗೂ ಇರಲಿ, ಎರಡು ತಿಂಗಳೋ ಮೂರು ತಿಂಗಳೋ." ಮಗ ಒಪ್ಪಿದ. ಸೊಸೆಯ ಬಿಗಿದ ಭುಜ ಹಗುರಾಗಿ ಇಳಿದದ್ದು ಎಲ್ಲರಿಗೂ ಕಂಡಿತು. ಮಂಚದ ಮೇಲಿದ್ದವಳು ಗೋಡೆ ಕಡೆ ತಿರುಗಿ, "ನನ್ನನ್ನ ಯಾರೂ ಕೇಳಲಿಲ್ಲ" ಎಂದಳು.

ಮದುವೆಯಾದ ಮೇಲೆ ಅವಳಿಲ್ಲದೆ ಮೇಸ್ತ್ರಿ ಒಂಬತ್ತೇ ರಾತ್ರಿ ಮಲಗಿದ್ದ, ಎರಡು ಹೆರಿಗೆಯೂ ಸೇರಿ. ಹೋಗಬೇಡ ಎನ್ನುವುದು ಅವನ ಬಾಯಿಗೆ ಬರುವ ಮಾತಲ್ಲ. ಬಂದದ್ದು ಬೇರೆ ಮಾತು.

"ಅಡುಗೆ ನಾನು ಮಾಡ್ತೀನಿ."

ಮೊದಲು ನಕ್ಕಿದ್ದು ಗುಬ್ಬಿ, ಆಮೇಲೆ ಮಗ. ಸೊಸೆ ನಗಲಿಲ್ಲ. "ಮಾವ, ನಿಮಗೆ ನೀರು ಕಾಯಿಸೋಕೆ ಬರುತ್ತಾ?"

"ಕಲೀತೀನಿ. ಆ ಭಾನುವಾರದೊಳಗೆ ನೆಟ್ಟಗೆ ಊಟ ಹಾಕಿದ್ರೆ ಅವಳು ಎಲ್ಲಿಗೂ ಹೋಗೋದು ಬೇಡ. ಹಾಕಲಿಲ್ಲ ಅಂದ್ರೆ ನಿಮ್ಮಿಷ್ಟ."

"ಅರವತ್ತಕ್ಕೆ ಅರಳು ಮರಳು" ಎಂದಿತು ಗೋಡೆ ಕಡೆ ತಿರುಗಿದ್ದ ಮುಖ. ಆದರೆ ಈ ಕಡೆ ತಿರುಗಿಕೊಂಡಿತು.

ಮನೆಯಲ್ಲಿ ಹೇರಳವಾಗಿ ಇದ್ದದ್ದು ಕುಂಬಳಕಾಯಿಯೇ, ಹಾಗಾಗಿ ಪಾಠ ಅದರಿಂದಲೇ ಶುರುವಾಯಿತು. ಮೊದಲ ಕಾಯಿಯ ಮೇಲೆ ಮೇಸ್ತ್ರಿ ಚಾಕು ಇಟ್ಟ, ಕಾಯಿ ಉರುಳಿತು. ಒತ್ತಿ ಹಿಡಿದು ಮತ್ತೆ ಇಟ್ಟ, ಚಾಕು ಅರ್ಧ ಇಳಿದು ಸಿಕ್ಕಿಕೊಂಡಿತು. ಅತ್ತಲೂ ಇಲ್ಲ, ಇತ್ತಲೂ ಇಲ್ಲ.

"ತಳದಲ್ಲಿ ತೆಳ್ಳಗೆ ಒಂದು ಚೂರು ತೆಗೀರಿ, ಅಲ್ಲಾಡದ ಹಾಗೆ ಕೂತ್ಕೊಳ್ಳುತ್ತೆ. ಆಮೇಲೆ ಮೇಲಿಂದ ಚುಚ್ಚಿ ಹಿಡಿಯನ್ನ ಕೆಳಗೆ ಒತ್ತಿ" ಎಂದು ಪಕ್ಕದ ಕೋಣೆಯ ಮಂಚದಿಂದ ಅಪ್ಪಣೆ ಬಂತು.

ಚುಚ್ಚಿದ. ಚಾಕು ಹೆಬ್ಬೆರಳಿನ ಪಕ್ಕದಲ್ಲೇ ಜಾರಿತು. ಇದು ಊಟದ ಪದಾರ್ಥವಲ್ಲ, ಗಂಟುಮರ ಎಂದು ಅವನಿಗೆ ಖಾತ್ರಿಯಾಯಿತು. ಗಂಟುಮರಕ್ಕೆ ಏನು ಮಾಡಬೇಕು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಾಯಿಯನ್ನು ಶೆಡ್ಡಿಗೆ ಒಯ್ದು, ಬಟ್ಟೆ ಸುತ್ತಿ, ಹಲಗೆ ಬಿಗಿಯುವ ಇಕ್ಕಳದ ಮೇಜಿನಲ್ಲಿ ಬಿಗಿದು, ಬಿಸಿನೀರಲ್ಲಿ ತೊಳೆದ ಗರಗಸದಿಂದ ಎರಡು ಹೋಳು ಮಾಡಿ ತಂದ. ಕೊಯ್ದ ಜಾಗ ಕನ್ನಡಿಯಂತಿತ್ತು.

"ಮರದ ಹೊಟ್ಟು ತಿನ್ನಿಸ್ತೀರಾ ನಮಗೆ?" ಎಂದಳು ಹೆಂಡತಿ.

"ಗರಗಸ ಸೋಪು ಹಾಕಿ ತೊಳೆದಿದೀನಿ."

"ಆಯ್ತು. ಚಮಚದಲ್ಲಿ ಬೀಜ ಕೆರೆದು ತೆಗೀರಿ. ನಾರನ್ನೂ ತೆಗೀರಿ, ಅದು ಹಲ್ಲಿಗೆ ಸಿಕ್ಕುತ್ತೆ. ಬೀಜ ಎಸೀಬೇಡಿ, ತೊಳೆದು ಒಣಗಿಸಿ ಹುರಿದ್ರೆ ಗುಬ್ಬಿ ತಿಂತಾಳೆ."

"ಸಿಪ್ಪೆ?"

"ಹಸೀಲಿ ಸಿಪ್ಪೆ ತೆಗೆಯೋಕೆ ಹೋದ್ರೆ ಬೆರಳು ಹೋಗುತ್ತೆ. ಹೋಳನ್ನ ಬೋರಲು ಹಾಕಿ ಓವನ್ನಲ್ಲಿಡಿ. ಬೆಂದ ಮೇಲೆ ಸಿಪ್ಪೆ ತಾನೇ ಬಿಡುತ್ತೆ."

ಹಳೆಯ ಬಾಣಲೆಗಳ ಗೋದಾಮಾಗಿದ್ದ ಓವನ್ನು ಖಾಲಿಯಾಯಿತು. ಎಷ್ಟು ಹೊತ್ತು ಇಡಬೇಕು ಎಂದು ಅವನು ಕೇಳಿದರೆ "ಬೇಯೋವರೆಗೂ" ಎಂಬ ಉತ್ತರ. ಎಷ್ಟು ನಿಮಿಷ ಎಂದರೆ "ಕಾಯಿ ನೋಡ್ಕೊಂಡು". ಇಂಚಿನ ಲೆಕ್ಕದಲ್ಲಿ ಬದುಕಿದ ಮನುಷ್ಯನಿಗೆ ಇದು ಹಿಂಸೆ. ಕೊನೆಗೆ ಅವಳು ಎಡಗೈಯಿಂದ ತಲೆದಿಂಬಿನ ಅಡಿ ತಡಕಿ ಹೆಣಿಗೆಯ ಕಡ್ಡಿಯೊಂದನ್ನು ಕೊಟ್ಟಳು. ಕೈ ಮುರಿದ ಮೇಲೆ ಹೆಣಿಗೆ ನಿಂತಿತ್ತು, ಕಡ್ಡಿಗೆ ಕೆಲಸವಿರಲಿಲ್ಲ. "ಇದನ್ನ ಬೆನ್ನಲ್ಲಿ ಚುಚ್ಚಿ. ನೀವು ಒತ್ತಬಾರದು. ತನ್ನ ಭಾರಕ್ಕೆ ತಾನು ಇಳಿದ್ರೆ ಬೆಂದಿದೆ."

ಅವನು ಕಡ್ಡಿ ಹಿಡಿದು ನಾಲ್ಕು ಸಲ ಚುಚ್ಚಿದ, ನಾಲ್ಕು ಸಲವೂ ಓವನ್ನಿನ ತಟ್ಟೆಯನ್ನು ಮಂಚದ ಹತ್ತಿರ ಒಯ್ದು "ಬೆಂತಾ ನೋಡು" ಎಂದ. ಐದನೆಯ ಸಲ ಅವಳು "ಬೆಂತು" ಎಂದಳು. ತಿರುಳನ್ನು ಕೆರೆದು, ಹುರಿದ ಈರುಳ್ಳಿಯ ಜೊತೆ ಪಾತ್ರೆಗೆ ಹಾಕಿ, ನೀರು ಬಿಟ್ಟು ಸೂಪ್ ಮಾಡಿದ. ಅವಳು ಹೇಳಿದಾಗ ಉಪ್ಪು ಹಾಕಿದ. ತಾನೇ ನೆನಪು ಮಾಡಿಕೊಂಡು ಇನ್ನೊಮ್ಮೆ ಹಾಕಿದ. ಅವಳು ಜೋಂಪಿನಿಂದ ಎದ್ದು "ಉಪ್ಪು ಹಾಕಿದ್ರಾ?" ಎಂದಾಗ ಹೆದರಿ ಮೂರನೆಯ ಸಲವೂ ಹಾಕಿದ.

"ಸಮುದ್ರದ ಸೂಪ್" ಎಂದಳು ಗುಬ್ಬಿ. ಆ ದಿನ ಎಲ್ಲರೂ ಬ್ರೆಡ್ಡು ತಿಂದರು.

ಆದರೆ ಸೊಸೆ ಸಿಟ್ಟಾದದ್ದು ಉಪ್ಪಿಗಲ್ಲ. ಸಿಂಕಿನಲ್ಲಿ ನಾರು ಕಟ್ಟಿಕೊಂಡು ನೀರು ನಿಂತಿತ್ತು. ಒರೆಸುವ ಬಟ್ಟೆಗಳೆಲ್ಲ ಹಳದಿ, ನೆಲದ ಮೇಲೆ ಬೀಜ, ಏಳು ಪಾತ್ರೆ ತಳ ಹಿಡಿದು ಕೂತಿದ್ದವು. ತೋಳು ಮಡಿಸುತ್ತಾ ಅವಳು ನಿಧಾನವಾಗಿ ಹೇಳಿದಳು. "ಮಾವ, ಅಡುಗೆ ಅಂದ್ರೆ ಬೇಯಿಸೋದು ಅಷ್ಟೇ ಅಲ್ಲ. ಇದನ್ನೆಲ್ಲ ಈಗ ಯಾರು ತೊಳೀಬೇಕು?"

ನಲವತ್ತೆರಡು ವರ್ಷ ಮೇಸ್ತ್ರಿ ಕೆಲಸ ಮಾಡಿದ ಮನೆಗಳಲ್ಲೆಲ್ಲ ಹೊಟ್ಟು ಗುಡಿಸಿಯೇ ಹೊರಟವನು. ಸ್ವಂತ ಮನೆಯಲ್ಲಿ ಮಾತ್ರ ಗುಡಿಸಿದ ನೆನಪಿಲ್ಲ. ಅವನಿಗೆ ನಿಜವಾಗಿ ನಾಚಿಕೆಯಾಯಿತು. "ನೀನು ಹೋಗಿ ಕೂತ್ಕೋ" ಎಂದು ಸೊಸೆಯ ಕೈಯಿಂದ ಬ್ರಷ್ಷು ತೆಗೆದುಕೊಂಡ.

ಎರಡನೆಯ ವಾರ ಹೆಂಡತಿ ಎದ್ದು ಓಡಾಡಿದಳು. ಮೇಸ್ತ್ರಿ ಅವಳನ್ನು ಮೆಲ್ಲಗೆ ಶೆಡ್ಡಿಗೆ ಕರೆದೊಯ್ದು, ದೀಪ ಹಾಕಿ, ಕಪಾಟಿನ ಮುಂದೆ ನಿಲ್ಲಿಸಿದ. ಅವಳು ಬಹಳ ಹೊತ್ತು ನೋಡಿದಳು. ಗುಣಿಗಳನ್ನು ನೋಡಿದಳು, ನುಣುಪಾದ ನೆತ್ತಿಗಳನ್ನು ನೋಡಿದಳು.

"ತೊಟ್ಟು ಎಲ್ಲಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಮೇಸ್ತ್ರಿಯ ಕಣ್ಣು ಗೋಡೆಯ ಮೇಲಿನ ಗರಗಸದ ಕಡೆ ಹೋಯಿತು. "ಸೊಟ್ಟ ಇದ್ವು" ಎಂದ.

"ಅಯ್ಯೋ ನನ್ನ ಪುಣ್ಯಾತ್ಮ, ತೊಟ್ಟು ಅಂದ್ರೆ ಕಾಯಿಗೆ ಬಿರಡೆ ಇದ್ದ ಹಾಗೆ. ಅದಿದ್ರೆ ಚಳಿಗಾಲ ಪೂರ್ತಿ ಇರುತ್ತೆ. ಕಿತ್ತು ಹಾಕಿದ್ರೆ ಅಲ್ಲಿಂದ ತೇವ ಒಳಗೆ ಹೋಗಿ ಕೊಳೆಯುತ್ತೆ." ಅವಳು ಎಡಗೈ ಹೆಬ್ಬೆರಳಿನಿಂದ ಒಂದೊಂದರ ನೆತ್ತಿಯನ್ನೂ ಒತ್ತಿದಳು. ಎರಡನೆಯ ಸಾಲಿನ ತುದಿಯದ್ದು ಆಗಲೇ ಮೆತ್ತಗಿತ್ತು. "ಆರು ತಿಂಗಳು ನೀರು ಹೊತ್ತು ಬೆಳೆಸಿದ್ದು ನಾನು. ಉಪ್ಪುಕಾಗದ ಹಾಕಿ ಬೇರೆ ಉಜ್ಜಿದೀರಿ."

ಮೇಸ್ತ್ರಿಗೆ ಆ ಕಪಾಟನ್ನೇ ಒಡೆದು ಹಾಕಬೇಕು ಅನ್ನಿಸಿತು. ಅವಳೇ ಮೂಗು ಒರೆಸಿಕೊಂಡು, "ಇನ್ನೇನು, ಎಲ್ಲ ಬೇಗ ಬೇಯಿಸಿ ಮುಗಿಸ್ಬೇಕು. ಬನ್ನಿ" ಎಂದಳು.

ಅಂದಿನಿಂದ ಆ ಮನೆಯಲ್ಲಿ ದಿನಾ ಕುಂಬಳಕಾಯಿ. ಹೆಂಡತಿ ಅಡುಗೆಮನೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಪ್ಲಾಸ್ಟರ್ ಕೈಯನ್ನು ಮೇಜಿನ ಮೇಲಿಟ್ಟು ಆಜ್ಞೆ ಕೊಟ್ಟಳು, ಅವನು ಮರಗೆಲಸದ ಹಳೆಯ ಏಪ್ರನ್ ಕಟ್ಟಿಕೊಂಡು ಪಾಲಿಸಿದ. ಕಿವಿಯ ಹಿಂದೆ ಪೆನ್ಸಿಲ್ ಹಾಗೇ ಇತ್ತು. ಹೋಳುಗಳನ್ನು ಟೇಪು ಹಿಡಿದು ಒಂದೊಂದು ಇಂಚಿಗೆ ಕತ್ತರಿಸಿದಾಗ ಅವಳು ಆಡಿಕೊಂಡಳು. ಆದರೆ ಎಣ್ಣೆ ಸವರಿ ಓವನ್ನಿಗೆ ಹಾಕಿದ ಹೋಳುಗಳು ಎಲ್ಲವೂ ಒಟ್ಟಿಗೇ ಅಂಚು ಕೆಂಪಾಗಿ ಬೆಂದು ಬಂದವು. "ನಂದು ಯಾವಾಗಲೂ ನಾಲ್ಕು ಹಸಿ, ನಾಲ್ಕು ಕರಕಲು ಆಗ್ತಿತ್ತು" ಎಂದು ಅವಳೇ ಒಪ್ಪಿಕೊಂಡಳು.

ಜಗಳವೂ ಕಡಿಮೆ ಇರಲಿಲ್ಲ.

"ಹೋಳನ್ನ ಒಂದರ ಮೇಲೊಂದು ಪೇರಿಸಬೇಡಿ, ಉಸಿರಾಡೋಕೆ ಜಾಗ ಬಿಡಿ."

"ಕುಂಬಳಕಾಯಿ ಉಸಿರಾಡುತ್ತಾ?"

"ನಿಮಗಿಂತ ಚೆನ್ನಾಗಿ ಉಸಿರಾಡುತ್ತೆ. ಗೊರಕೆ ಹೊಡೆಯಲ್ಲ."

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ಇವರದ್ದು ಉಣ್ಣುವ ಮೊದಲೇ ಮುಗಿಯುತ್ತಿತ್ತು. ಒಂದು ಸಂಜೆ ಸೊಸೆ ಖಾಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ನಿನ್ನೆ ಹುರಿದಿದ್ದು ತಗೊಂಡು ಹೋಗಿದ್ದೆ. ಇಸ್ತ್ರಿ ಮಾಡೋ ಅಕ್ಕ ಅರ್ಧ ತಿಂದುಬಿಟ್ರು" ಎಂದಳು. ಅದು ಹೊಗಳಿಕೆ ಎಂದು ಮೇಸ್ತ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಡಬ್ಬಿಯನ್ನೂ ಅವನೇ ತೊಳೆದ.

ಮೂರನೆಯ ವಾರದ ಹೊತ್ತಿಗೆ ಮೇಸ್ತ್ರಿಯ ಕೈ ಅಡುಗೆಗೆ ಕುದುರಿತು. ಗುಬ್ಬಿ ಏಳಕ್ಕೆ ಉಣ್ಣುತ್ತಿತ್ತು. ಸೊಸೆ ಬಂದು ಕಾಲು ಚಾಚಿ ಕೂತುಕೊಳ್ಳುತ್ತಿದ್ದಳು, ಸಿಂಕು ಖಾಲಿ ಇರುತ್ತಿತ್ತು. ಮೇಸ್ತ್ರಿ ಓವನ್ನಿನ ಮುಂದೆ ತಾನೇ ಬಗ್ಗಿ ಕಡ್ಡಿ ಚುಚ್ಚಿ, ತಾನೇ ತಲೆಯಾಡಿಸಿ, ತಾನೇ ಇಳಿಸುತ್ತಿದ್ದ. ಉಪ್ಪಿಗೂ ಒಂದು ಲೆಕ್ಕ ಕಂಡುಹಿಡಿದಿದ್ದ: ಒಂದು ಕಾಯಿಗೆ ಒಂದು ಚಮಚ, ಮೇಲೆ ಪೆನ್ಸಿಲ್ ಎಳೆದು ಸಮ ಮಾಡಿದ್ದು.

"ಉಪ್ಪು..." ಎಂದಳು ಹೆಂಡತಿ ಗುರುವಾರ ಕುರ್ಚಿಯಿಂದ.

"ಗೊತ್ತು. ಹಾಕಿದೀನಿ."

"ಉರಿ ಸ್ವಲ್ಪ..."

"ಇಳಿಸಿದೀನಿ."

ಶುಕ್ರವಾರ ಅವಳು ಕುರ್ಚಿಯಲ್ಲಿ ಕೂತು ಕಿಟಕಿಯ ಹೊರಗಷ್ಟೇ ನೋಡಿದಳು. ಶನಿವಾರ ಅಡುಗೆಮನೆಗೆ ಬರಲೇ ಇಲ್ಲ. ಹತ್ತನೆಯ ಕಾಯಿಯ ಸೂಪು ಕುದಿಯಲಿಟ್ಟು ಮೇಸ್ತ್ರಿ ಒಳಗೆ ಇಣುಕಿದರೆ, ಅವಳು ಮಂಚದ ಮೇಲೆ ಚೀಲ ತೆರೆದಿಟ್ಟು ಒಂದೇ ಕೈಯಲ್ಲಿ ಬಟ್ಟೆ ತುರುಕುತ್ತಿದ್ದಳು. ಸ್ವೆಟರಿನ ತೋಳು ಹೊರಗೆ ನೇತಾಡುತ್ತಿತ್ತು.

"ಇದೇನು? ನೀನು ಹೋಗೋದು ಬೇಡ ಅಂತ ಆಯ್ತಲ್ಲ. ಅಡುಗೆ ನಡೀತಿದೆಯಲ್ಲ."

"ನಡೀತಿದೆ. ಅದಕ್ಕೇ ಹೊರಟಿದೀನಿ." ಅವಳು ತೋಳನ್ನು ಒಳಗೆ ತಳ್ಳಿದಳು. "ನಾನಿಲ್ದೇನೂ ಎಲ್ಲ ನಡೆಯುತ್ತೆ ಅಂತ ನೋಡಿದ್ನಲ್ಲ. ಕೂತ್ಕೊಂಡು ತಿನ್ನೋಕೆ ಇಲ್ಲಾದರೇನು, ಅವಳ ಮನೆಯಾದರೇನು. ಅಲ್ಲಿ ಹೋದ್ರೆ ನಿಮ್ಮೆಲ್ಲರಿಗೂ ಹಗುರ."

ಮೇಸ್ತ್ರಿ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅದು ಅವನೇ ಮಾಡಿದ ಬಾಗಿಲು. ಅವಳು ಇರಲಿ ಎಂದು ಕಲಿತ ಕೆಲಸ ಅವಳನ್ನೇ ಹೊರಗೆ ಹಾಕುತ್ತಿದೆ ಎಂದು ಅವನಿಗೆ ಆಗ ಹೊಳೆಯಿತು, ಆದರೆ ಅದನ್ನು ಹೇಳುವ ಬಗೆ ಹೊಳೆಯಲಿಲ್ಲ. "ಸೂಪು ಉಕ್ಕುತ್ತೆ" ಎಂದು ಹೊರಟುಹೋದ.

ಭಾನುವಾರ ಮಧ್ಯಾಹ್ನ ಮಗಳು ಬಂದಳು. ಬಾಗಿಲ ಪಕ್ಕ ಅಮ್ಮನ ಚೀಲ ಕಂಡು, "ಅಬ್ಬ, ಒಪ್ಪಿಸೋದು ಕಷ್ಟ ಅಂದ್ಕೊಂಡಿದ್ದೆ" ಎಂದಳು. ಸೊಸೆ ಚೀಲವನ್ನೂ ಅತ್ತೆಯನ್ನೂ ನೋಡಿ ಬೆಚ್ಚಿದಳು. "ಅತ್ತೆ, ಯಾಕೆ? ನಾನು ಅವತ್ತು ಸುಸ್ತಾಗಿ ಏನೋ ಅಂದೆ."

"ನಿಂದೇನಿಲ್ಲ ಬಿಡು. ನೀನು ಸರಿಯಾಗೇ ಹೇಳಿದ್ದೆ."

"ಮತ್ತೆ?"

ಅತ್ತೆ ಮೇಜಿನ ಕಡೆ ನಡೆದಳು. ಕೊನೆಯ ಕಾಯಿ, ಹನ್ನೊಂದನೆಯದು, ಓವನ್ನಿನಲ್ಲಿತ್ತು. ಎಲ್ಲರೂ ಮೇಜಿನ ಸುತ್ತ ಕೂತರು. ಮೇಸ್ತ್ರಿ ಮಾತ್ರ ಅಡುಗೆಮನೆಯ ಮಧ್ಯೆ ನಿಂತಿದ್ದ. ಮಗಳು, "ಅಪ್ಪ, ನೀನು ಇಷ್ಟು ಚೆನ್ನಾಗಿ ಕಲ್ತಿದೀಯ ಅಂತ ಅಣ್ಣ ಹೇಳಿದ. ಇನ್ನು ಅಮ್ಮನಿಗೆ ಚಿಂತೆಯೇ ಇಲ್ಲ ಬಿಡು" ಎಂದಳು.

ಮೇಸ್ತ್ರಿ ಏಪ್ರನ್ನಿನ ಗಂಟು ಬಿಚ್ಚಿದ. ಅದನ್ನು ಮಡಿಸಿ, ಕಿವಿಯ ಹಿಂದಿನ ಪೆನ್ಸಿಲನ್ನೂ ತೆಗೆದು ಅದರ ಮೇಲಿಟ್ಟು, ಖಾಲಿ ಕುರ್ಚಿಯಲ್ಲಿ ಕೂತುಬಿಟ್ಟ.

"ನಾನು ಕಲ್ತಿದ್ದು ಇವಳು ಹೋಗಬಾರದು ಅಂತ" ಎಂದ. "ಹೋಗ್ತಾಳೆ ಅಂದ್ರೆ ನನಗೆ ಈ ಕೆಲಸ ಬೇಡ. ಇವತ್ತಿಂದ ಬಿಟ್ಟೆ."

ಮಗ ಸೊಸೆಯನ್ನು ನೋಡಿದ. ಸೊಸೆ ಅತ್ತೆಯನ್ನು ನೋಡಿದಳು. ಗುಬ್ಬಿ ಚಮಚ ಬಾಯಲ್ಲಿಟ್ಟುಕೊಂಡು ಎಲ್ಲರನ್ನೂ ನೋಡಿತು. ಓವನ್ನಿನಿಂದ ಸಿಹಿಯಾದ ಘಮ ಬರುತ್ತಿದ್ದದ್ದು ಸ್ವಲ್ಪ ಗಾಢವಾಯಿತು.

"ರೀ, ಹೊತ್ತುತ್ತೆ" ಎಂದಳು ಹೆಂಡತಿ.

"ಹೊತ್ತಲಿ."

"ಕೊನೇ ಕಾಯಿ ರೀ ಅದು."

"ಗೊತ್ತು. ನನಗೆ ಬೆಂದಿದ್ದು ಗೊತ್ತಾಗಲ್ಲ."

"ಸುಳ್ಳು ಹೇಳ್ಬೇಡಿ, ವಾರದಿಂದ ನೀವೇ ನೋಡ್ತಿದೀರಿ."

"ನೋಡ್ತಿದ್ದೆ. ನಿನ್ನನ್ನ ಕೇಳದೆ ನೋಡಿದ್ದು ತಪ್ಪಾಯ್ತು." ಮೇಸ್ತ್ರಿಯ ಕಣ್ಣು ತುಂಬಿತ್ತು, ಅದನ್ನು ಮರೆಮಾಚಲು ಅವನು ಹೋಗಲಿಲ್ಲ. "ನೀನಿಲ್ದೆ ಅಡುಗೆ ಆಗುತ್ತೆ. ನನಗೆ ಊಟ ಇಳಿಯಲ್ಲ."

ಯಾರೂ ಏಳಲಿಲ್ಲ. ಕೊನೆಗೆ ಎದ್ದವಳು ಅವಳೇ. ಎಡಗೈಯಲ್ಲಿ ಓವನ್ನಿನ ಬಾಗಿಲು ಎಳೆದು, ಕಡ್ಡಿ ತೆಗೆದುಕೊಂಡು ಹೋಳಿನ ಬೆನ್ನ ಮೇಲೆ ನೆಟ್ಟಗೆ ನಿಲ್ಲಿಸಿದಳು. ಕಡ್ಡಿ ತಾನಾಗಿ ಇಳಿಯಿತು.

"ಬೆಂದಿದೆ. ಬನ್ನಿ ಈ ಕಡೆ. ನನಗೆ ಒಂದೇ ಕೈ ಇರೋದು."

ಸೊಸೆ ಎದ್ದಳು. ಮಗ ಅವಳ ಮೊಣಕೈ ಹಿಡಿದು ಕೂರಿಸಿದ. ಮೇಸ್ತ್ರಿ ಹೋಗಿ ಬಟ್ಟೆ ಸುತ್ತಿದ ಕೈಯಿಂದ ತಟ್ಟೆಯ ಒಂದು ತುದಿ ಹಿಡಿದ, ಅವಳು ಬಟ್ಟೆ ಹಿಡಿದ ಎಡಗೈಯಲ್ಲಿ ಇನ್ನೊಂದು ತುದಿ ಹಿಡಿದಳು. "ನಿಮ್ಮ ಕಡೆ ಎತ್ತರ ಆಯ್ತು, ಇಳಿಸಿ" ಎಂದಳು. ಅವನು ಇಳಿಸಿದ. ಇಬ್ಬರೂ ಅಡ್ಡಡ್ಡ ಹೆಜ್ಜೆ ಹಾಕುತ್ತಾ ಮೇಜಿನವರೆಗೆ ಬಂದರು.

ಮಗಳು ಬಾಗಿಲ ಕಡೆ ನೋಡಿ, "ಅಮ್ಮ, ಹಾಗಾದ್ರೆ ಚೀಲ?" ಎಂದಳು.

"ಅದು ಅಲ್ಲೇ ಇರಲಿ. ನೀನು ಮೊದಲು ಉಣ್ಣು, ಆರುತ್ತೆ."

"ಖಾಲಿ ಕಾರಲ್ಲಿ ಹೋಗ್ಲಾ? ಒಂದು ಕುಂಬಳಕಾಯಾದ್ರೂ ಕೊಡು."

"ನಿಮ್ಮಪ್ಪ ತೊಟ್ಟು ಕೊಯ್ದಿದ್ದೆಲ್ಲ ಮುಗೀತು. ಇರೋದು ಮಂಚದ ಕೆಳಗೆ ಒಂದೇ. ಅದು ನನ್ನ ಕೈ ಪ್ಲಾಸ್ಟರ್ ಬಿಚ್ಚೋವರೆಗೂ ಇರುತ್ತೆ. ಆಮೇಲೆ ಬಾ, ಒಟ್ಟಿಗೆ ಕೊಯ್ಯೋಣ."

ಸೊಸೆ ಬಡಿಸಿದಳು. ಮೇಸ್ತ್ರಿ ಹೆಂಡತಿಯ ತಟ್ಟೆಯ ಕಡೆ ಬಾಗಿ, "ಉಪ್ಪು ನೋಡು" ಎಂದ.

ಅವಳು ಎಡಗೈಯಲ್ಲಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ಎಲ್ಲರೂ ಕಾದರು.

"ಒಂದು ಚಿಟಿಕೆ ಕಮ್ಮಿ" ಎಂದಳು.

ಒಂದು ಕಾಯಿಗೆ ಒಂದು ಚಮಚ, ಪೆನ್ಸಿಲ್ ಎಳೆದು ಸಮ ಮಾಡಿ ಅವನೇ ಹಾಕಿದ್ದ. ಉಪ್ಪು ಕೂದಲೆಳೆಯಷ್ಟೂ ಕಮ್ಮಿ ಇರಲಿಲ್ಲ. ಮೇಸ್ತ್ರಿ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು, ಅವಳ ಮುಂದೆ ಹಿಡಿದು, "ಎಷ್ಟು ಅಂತ ನೀನೇ ಹಾಕು" ಎಂದ. ಅವಳು ಹಾಕಿದಳು. ಆ ದಿನ ಎಲ್ಲರೂ ಸ್ವಲ್ಪ ಉಪ್ಪುಪ್ಪಾದ ಊಟವನ್ನು ಉಂಡರು, ಗುಬ್ಬಿ ಕೂಡ ಏನೂ ಹೇಳಲಿಲ್ಲ.